ಉರಿಗಾಂ ಕ್ರಾಸಿನಲ್ಲಿ ನಿಲ್ಲಿಸಿದ ಆಟೋ

ದೆವ್ವ, ಗಾಳಿ, ಪೀಡೆ ಅಂತ ಯಾರಾದರೂ ನನ್ನ ಮುಂದೆ ಬಾಯಿ ತೆರೆದರೆ ನಾನು ಸುಮ್ಮನೆ ಬಿಡುತ್ತಿದ್ದವನಲ್ಲ. 'ನಿನ್ನ ದೆವ್ವದ ಹತ್ತಿರ ಲೈಸೆನ್ಸ್ ಇತ್ತೇನಪ್ಪಾ?' ಎಂದು ಕಿಚಾಯಿಸಿ ಎದ್ದು ಹೋಗುತ್ತಿದ್ದೆ. ಹಾಗೆ ನಕ್ಕವನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ನನಗೇನೂ ಬೇಸರವಿಲ್ಲ.

ನಾನು ಹೋಂ ಗಾರ್ಡ್. ಬೇತಮಂಗಲದ ಪಕ್ಕದ ಹಳ್ಳಿ ನಮ್ಮದು. ಬೆಳಿಗ್ಗೆ ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಖಾಕಿ ತೊಟ್ಟು ಬಸ್ಸು ಹತ್ತಿದರೆ ಒಂಬತ್ತಕ್ಕೆಲ್ಲ ಚಿನ್ನದ ಗಣಿಗಳಿದ್ದ ಊರು ರಾಬರ್ಟ್‌ಸನ್‌ಪೇಟೆ. ಅಲ್ಲಿ ಸಂಚಾರ ಪೊಲೀಸರ ಜೊತೆ ನಿಂತು ಗಾಡಿಗಳನ್ನು ತಡೆಯುವುದು, ಬಿಡುವುದು ನನ್ನ ಕೆಲಸ. ನನಗೆ ರೂಲ್ಸ್ ಅಂದರೆ ರೂಲ್ಸ್. ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದರು ಅಂತ ಸ್ವಂತ ಸೋದರಮಾವನ ಸ್ಕೂಟರನ್ನೇ ಟೋಯಿಂಗ್ ಗಾಡಿಗೆ ಹತ್ತಿಸಿದ್ದೆ. ಅವರು ಆರು ತಿಂಗಳು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಹೆಂಡತಿ ಬೈದಳು. ಬೈದರೆ ಬೈಯಲಿ ಅಂದುಕೊಂಡೆ. ನನಗಿದ್ದ ಅಹಂಕಾರ ಅಂಥದ್ದು.

ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಕೆಟ್ ರಸ್ತೆಯನ್ನು ಒನ್‌ವೇ ಮಾಡಿದ ಹೊಸತು. ಉರಿಗಾಂ ಕಡೆಯಿಂದ ಪೇಟೆಗೆ ಬರುವ ಗಾಡಿಗಳನ್ನೆಲ್ಲ ಹಳೆಯ ಮೈನ್ಸ್ ರಸ್ತೆಗೆ ತಿರುಗಿಸಿದ್ದರು. ಆ ರಸ್ತೆಯಲ್ಲಿ ಒಂದು ಕ್ರಾಸ್ ಇದೆ. ಎಡಗಡೆ ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬ, ಮುಚ್ಚಿಹೋದ ಗಣಿಯ ಮುರುಕಲು ಕಾಂಪೌಂಡು. ಅಲ್ಲಿಂದ ಒಂದು ಮಣ್ಣುದಾರಿ ಇಳಿದು ಬಂದು, ಟಾರು ರಸ್ತೆಯನ್ನು ದಾಟಿ, ಬಲಗಡೆಯ ಕಾರ್ಮಿಕರ ಲೈನ್ ಮನೆಗಳಿಗೆ ಹೋಗುತ್ತದೆ. ನನ್ನನ್ನು ಆ ಕ್ರಾಸಿಗೆ ಹಾಕಿದರು. ಅದಕ್ಕೆ ಮೊದಲು ಅಲ್ಲಿ ನಾನು ಒಂದು ಗಳಿಗೆಯೂ ನಿಂತವನಲ್ಲ.

ಮೊದಲ ದಿನವೇ ಆಗಿದ್ದು ಇದು. ಮಧ್ಯಾಹ್ನ ಎರಡು ಗಂಟೆ. ಸುಡುಬಿಸಿಲು. ನಿದ್ದೆಗೆಟ್ಟಿರಲಿಲ್ಲ, ಹೊಟ್ಟೆ ಖಾಲಿಯಿರಲಿಲ್ಲ, ತಲೆ ನೆಟ್ಟಗಿತ್ತು. ದಿಬ್ಬದ ಕಡೆಯಿಂದ ಜನ ಇಳಿದು ಬಂದರು. ಮೊದಲು ಹತ್ತು ಹದಿನೈದು ಮಂದಿ, ಅವರ ಹಿಂದೆ ಇನ್ನಷ್ಟು. ಚಡ್ಡಿ, ಬನಿಯನ್ನು, ಮೈಯೆಲ್ಲ ಒದ್ದೆ, ತಲೆಯ ಟೋಪಿ ಕೈಯಲ್ಲಿ. ಯಾವುದೋ ಪೈಪ್‌ಲೈನ್ ಕೆಲಸದವರು ಊಟಕ್ಕೆ ಬಿಟ್ಟಿರಬೇಕು ಅಂದುಕೊಂಡೆ. ನಡೆದು ಹೋಗುವವರಿಗೆ ಮೊದಲು ದಾರಿ ಬಿಡಬೇಕು, ಅದೂ ರೂಲ್ಸೇ. ಸೀಟಿ ಊದಿ ಕೈ ಎತ್ತಿದೆ.

ಒಂದು ಖಾಸಗಿ ಬಸ್ಸು ನಿಂತಿತು. ಅದರ ಹಿಂದೆ ಟೆಂಪೋ, ನಾಲ್ಕಾರು ಬೈಕು. ಆ ಜನ ಸಾಲಾಗಿ ದಾಟತೊಡಗಿದರು. ಒಬ್ಬನೂ ಮಾತಾಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿರಲಿಲ್ಲ. ದಣಿದಿದ್ದಾರೆ ಪಾಪ ಅನ್ನಿಸಿತು. ಸಾಲು ಮಾತ್ರ ಮುಗಿಯುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಆಟೋ ಹಾರ್ನ್ ಬಾರಿಸುತ್ತಾ ಬಸ್ಸಿನ ಬಲಗಡೆಯಿಂದ ನುಗ್ಗಿತು. ರಾಂಗ್ ಸೈಡು! ನನಗೆ ಪಿತ್ತ ನೆತ್ತಿಗೇರಿತು. ಅಡ್ಡ ನಿಂತೆ.

"ಪೇಷಂಟ್ ಸಾರ್, ಪೇಷಂಟ್!" ಎಂದು ಡ್ರೈವರ್ ಕೂಗಿದ.

ಹಿಂದೆ ಒಬ್ಬ ಹೆಂಗಸು, ಅರವತ್ತರ ಆಸುಪಾಸು. ಅವಳ ತೊಡೆಯ ಮೇಲೆ ಗಂಡನ ತಲೆ. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಅಂಗಿಯೆಲ್ಲ ಬೆವರು.

"ಬುಡಿ ಸಾಮಿ, ನಮ್ಮೆಜಮಾನ್ರಿಗೆ ಎದೆನೋವು. ಆಸ್ಪತ್ರೆಗೋಗ್ಬೇಕು, ನಿಮ್ ಕಾಲಿಗ್ ಬೀಳ್ತೀನಿ."

"ಒಂದ್ನಿಮಿಷ ಇರಮ್ಮ. ಜನ ದಾಟ್ತಾ ಅವ್ರೆ, ಕಾಣಿಸ್ತಿಲ್ವಾ?"

"ಯಾವ್ ಜನ? ರೋಡಲ್ಲಿ ಒಬ್ರೂ ಇಲ್ವಲ್ಲಾ!"

ಗಾಬರಿಯಲ್ಲಿ ಏನೋ ಹೇಳುತ್ತಿದ್ದಾಳೆ ಅಂದುಕೊಂಡೆ. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಲೇ ಗಾರ್ಡು, ಬಿಸ್ಲು ತಲೆಗೇರೈತಾ? ಯಾರಿಗ್ ನಿಲ್ಸಿದ್ಯಾ?" ಎಂದ. ಬೈಕಿನವರು ತಮಿಳಿನಲ್ಲಿ, ತೆಲುಗಿನಲ್ಲಿ ಬೈಯತೊಡಗಿದರು. ಆದರೆ ನನ್ನ ಕಣ್ಣೆದುರು, ಮೂರು ಮಾರು ದೂರದಲ್ಲಿ, ಮನುಷ್ಯರು ರಸ್ತೆ ದಾಟುತ್ತಿದ್ದಾರೆ! ಅವರ ಮೇಲೆ ಆಟೋ ಹತ್ತಿಸು ಅನ್ನಲೇ? ನನ್ನ ಕೈಯನ್ನು ಯಾರೋ ಹಿಡಿದುಕೊಂಡಿದ್ದರು ಎಂದು ಸುಳ್ಳು ಹೇಳಲಾರೆ. ಯಾರೂ ಹಿಡಿದಿರಲಿಲ್ಲ. ನಾನೇ ಇಳಿಸಲಿಲ್ಲ.

ಆಗ ಆ ಮನುಷ್ಯ ಹೆಂಡತಿಯ ತೊಡೆಯಿಂದ ತಲೆ ಎತ್ತಿದ. ನೋವಿನವನ ಹಾಗೆ ಅಲ್ಲ, ಮನೆ ಜಗಲಿಯ ಮೇಲೆ ಕೂತವನ ಹಾಗೆ ನಿಧಾನವಾಗಿ ಮಣ್ಣುದಾರಿಯ ಕಡೆ ನೋಡಿದ.

"ಇರ್ಲಿ ಬುಡು," ಅಂದ. "ಇನ್ನೊಬ್ಬ ಬರ್ಬೇಕು."

ನನಗೆ ಹೋದ ಜೀವ ಬಂದಂತಾಯಿತು. "ನೋಡಮ್ಮ, ನಿಮ್ಮೆಜಮಾನ್ರಿಗೆ ಕಾಣಿಸ್ತಾ ಐತೆ," ಎಂದು ಹೇಳಿ ಆ ಕಡೆ ತಿರುಗಿದೆ.

ರಸ್ತೆ ಖಾಲಿಯಿತ್ತು. ದಿಬ್ಬದ ತನಕ ಒಂದು ನರಪಿಳ್ಳೆಯೂ ಇಲ್ಲ. ಲೈನ್ ಮನೆಗಳ ಕಡೆಯೂ ಇಲ್ಲ. ಅಷ್ಟೊಂದು ಒದ್ದೆ ಕಾಲುಗಳು ದಾಟಿದ ಟಾರಿನ ಮೇಲೆ ಒಂದು ಹನಿ ನೀರಿಲ್ಲ. ನನ್ನ ಕೈ ತಾನಾಗಿ ಇಳಿಯಿತು. ಆಟೋ ಹೋಯಿತು. ಎಷ್ಟು ಹೊತ್ತು ನಿಲ್ಲಿಸಿದ್ದೆ ಎಂದು ಬಸ್ಸಿನ ಕಂಡಕ್ಟರನನ್ನು ಕೇಳಿದೆ. ಏಳೆಂಟು ನಿಮಿಷ ಎಂದ. ನನ್ನ ಲೆಕ್ಕದಲ್ಲಿ ಎರಡು ನಿಮಿಷವೂ ಆಗಿರಲಿಲ್ಲ.

ಸಂಜೆ ಸುದ್ದಿ ಬಂತು. ಆಟೋದಿಂದ ಇಳಿಸುವಷ್ಟರಲ್ಲಿ ಪ್ರಾಣ ಹೋಗಿತ್ತಂತೆ. ಸ್ವಲ್ಪ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದರಂತೆ ಡಾಕ್ಟರು. ಮೇಲಿನವರು ನನಗೆ ಬಿಸಿಲಿಗೆ ತಲೆ ಸುತ್ತಿರಬೇಕು ಎಂದು ತೀರ್ಮಾನಿಸಿ ಬೇರೆ ಕಡೆ ಹಾಕಿದರು. ಯಾರೂ ದೂರು ಕೊಡಲಿಲ್ಲ.

ಮಾರನೆಯ ದಿನ ಆ ಕ್ರಾಸಿನ ಹತ್ತಿರದ ಟೀ ಅಂಗಡಿಗೆ ಹೋಗಿ ಕೂತೆ. ಅಂಗಡಿಯ ತಾತ ಹಿಂದೆ ಮೈನ್ಸ್‌ನಲ್ಲಿ ಇದ್ದವರು. ಕಂಡದ್ದನ್ನೆಲ್ಲ ಹೇಳಿದೆ. ಅವರು ಟೀ ಸೋಸುವುದನ್ನು ನಿಲ್ಲಿಸಿದರು.

"ನಿಂಗ್ಯಾರಪ್ಪಾ ಹೇಳಿದ್ದು ಇದೆಲ್ಲಾ?" ಎಂದರು. ಮೈನ್ಸ್ ನಡೆಯುತ್ತಿದ್ದ ಕಾಲದಲ್ಲಿ ಎರಡು ಗಂಟೆಗೆ ಶಿಫ್ಟ್ ಬಿಟ್ಟರೆ ಆಳುಗಳು ಬೆವರಿಗೆ ತೊಯ್ದ ಮೈಯಲ್ಲಿ ಆ ಮಣ್ಣುದಾರಿಯಲ್ಲೇ ಇಳಿದು ಬರುತ್ತಿದ್ದರಂತೆ. ಕೊನೆಯ ಆಳು ದಾಟುವ ತನಕ ಯಾವ ಗಾಡಿಯೂ ಅಲುಗುವ ಹಾಗಿರಲಿಲ್ಲವಂತೆ, ದೊರೆಗಳ ಕಾರು ಕೂಡ. ಭೂಮಿಯೊಳಗಿನಿಂದ ಬದುಕಿ ಮೇಲೆ ಬಂದವನಿಗೆ ಮೊದಲ ದಾರಿ ಅನ್ನುವುದು ಅವರ ಪದ್ಧತಿ. ತೀರಿಕೊಂಡ ಮನುಷ್ಯ ಅದೇ ಗಣಿಯಲ್ಲಿ ದುಡಿದವನು ಎಂದೂ ತಾತ ಹೇಳಿದರು. ಮೈನ್ಸ್ ಮುಚ್ಚಿದಾಗ ನಾನು ನಮ್ಮೂರಿನಲ್ಲಿ ಹಸು ಮೇಯಿಸುತ್ತಿದ್ದ ಹುಡುಗ. ಈ ಪದ್ಧತಿ ನನಗೆ ಹೇಗೆ ಗೊತ್ತಿರಬೇಕು?

ಹನ್ನೊಂದನೆಯ ದಿನ ಕಳೆದ ಮೇಲೆ ಧೈರ್ಯ ಮಾಡಿ ಉರಿಗಾಂ ಕಡೆಯಿದ್ದ ಆ ತೀರಿಕೊಂಡವನ ಮನೆಗೆ ಹೋದೆ. ಖಾಕಿ ಹಾಕಿಕೊಂಡು ಹೋಗಿರಲಿಲ್ಲ, ಆದರೂ ಅವನ ಹೆಂಡತಿ ಗುರುತು ಹಿಡಿದರು. ಬೈಯುತ್ತಾರೆ, ಬಾಗಿಲು ಹಾಕುತ್ತಾರೆ ಅಂದುಕೊಂಡಿದ್ದೆ. ಸ್ಟೂಲ್ ಹಾಕಿ ನೀರು ಕೊಟ್ಟರು. ನಾನು ಒಂದನ್ನೂ ಬಿಡದೆ ಹೇಳಿದೆ. ಆ ಸಾಲು, ಒದ್ದೆ ಮೈ, ತಾತ ಹೇಳಿದ ಪದ್ಧತಿ, ಎಲ್ಲವನ್ನೂ. ನನಗೂ ಅವರ ಯಜಮಾನರಿಗೂ ಕಂಡದ್ದು ಒಂದೇ, ಬೇಕೆಂದು ನಿಲ್ಲಿಸಲಿಲ್ಲ ತಾಯಿ, ಎಂದು ಅತ್ತೆ.

ಆಕೆ ನನ್ನೆದುರಿಗೆ ನೆಲದ ಮೇಲೆ ಕೂತರು.

"ನೀನು ಸುಳ್ಳೇಳ್ತಿಲ್ಲ ಕಣಪ್ಪಾ," ಎಂದರು. "ಅವ್ರಂದಿದ್ದು ನಾನೂ ಕೇಳಿಸ್ಕೊಂಡೆ. ನಿಮ್ಮಿಬ್ರಿಗೂ ಯಾರೋ ಕಾಣಿಸಿರ್ಬೋದು. ನಂಗ್ ಕಾಣಿಸಿದ್ದು ನಿನ್ ಕೈ ಒಂದೇ."

ನಾನು ನೀರಿನ ಲೋಟ ಕೆಳಗಿಟ್ಟು ಎದ್ದು ಬಂದೆ.