ಹನ್ನೆರಡಡಿ ಮೇಡಂ, ಮೂರಂಗುಲದ ಋಣ

ಬೆಂಕಿ ಆರಿಸುವ ಕೆಂಪು ಗಾಡಿ ನಮ್ಮ ಪೇಟೆ ಬೀದಿಯ ಉತ್ಸವಕ್ಕೆ ಇದುವರೆಗೆ ಒಂದು ಸಲವೂ ಬಂದಿಲ್ಲ. ಆದರೂ ಇಪ್ಪತ್ತಾರು ವರ್ಷಗಳಿಂದ, ಬಾರದ ನೆಂಟನಿಗೆ ದಿನವೂ ತಟ್ಟೆ ಇಟ್ಟು ಕಾಯುವವರ ಹಾಗೆ, ಅದಕ್ಕೆಂದೇ ನಡುಬೀದಿಯಲ್ಲಿ ಹನ್ನೆರಡು ಅಡಿ ದಾರಿ ಖಾಲಿ ಬಿಡಿಸುತ್ತ ಬಂದವರು ನಗರಸಭೆಯ ಪರವಾನಗಿ ವಿಭಾಗದ ಗುಮಾಸ್ತೆ. ವ್ಯಾಪಾರಿಗಳು ಅವರನ್ನು ಎದುರಿಗೆ ‘ಮೇಡಂ’ ಎನ್ನುತ್ತಿದ್ದರು, ತಮ್ಮ ತಮ್ಮಲ್ಲಿ ‘ಹನ್ನೆರಡಡಿ ಮೇಡಂ’ ಎನ್ನುತ್ತಿದ್ದರು. ಜಾಗ ಸಿಗದವರ ಬಾಯಲ್ಲಿ ಅದು ‘ಹನ್ನೆರಡು ಅಡ್ಡಿ ಮೇಡಂ’ ಆಗುತ್ತಿತ್ತು. ಮನುಷ್ಯರ ಸಿಟ್ಟು ಎಷ್ಟು ಸಣ್ಣದು ನೋಡಿ, ಒಂದು ಒತ್ತಕ್ಷರದಲ್ಲಿ ಹಿಡಿಸುತ್ತದೆ.

ಅವರ ಕೋಣೆ ಎರಡನೇ ಮಹಡಿಯ ಕೊನೆಯಲ್ಲಿ, ಸೋರುವ ನಲ್ಲಿಯ ಪಕ್ಕ. ಪರವಾನಗಿ ಎಂಬ ಪದದ ಬಾಲದಲ್ಲಿ ‘ನಗಿ’ ಎಂದು ಎರಡಕ್ಷರ ಇದ್ದರೂ ಆ ಕೋಣೆಯಲ್ಲಿ ಯಾರಾದರೂ ನಕ್ಕದ್ದನ್ನು ಕಂಡವರಿರಲಿಲ್ಲ. ಮೇಜಿನ ಮೇಲೆ ಮೊಹರು, ನೀಲಿ ಸೀಮೆಸುಣ್ಣದ ಡಬ್ಬಿ, ಒಂದು ಕತ್ತರಿ, ಒಂದು ಬಟ್ಟೆಯ ಟೇಪು. ಕತ್ತರಿ ಎಷ್ಟು ಮೊಂಡೆಂದರೆ, ಮಳಿಗೆಯ ನಂಬರಿನ ಚೀಟಿಗಳನ್ನು ಅದು ಕತ್ತರಿಸುತ್ತಿರಲಿಲ್ಲ, ಜಗಿಯುತ್ತಿತ್ತು. ಟೇಪಿನದ್ದು ಇನ್ನೊಂದು ಕತೆ. ಯಾವುದೋ ಕಾಲದಲ್ಲಿ ಬೀರುವಿನ ಬಾಗಿಲಿಗೆ ಸಿಕ್ಕಿ ಅದರ ಮೊದಲ ಮೂರಂಗುಲ ಹರಿದುಹೋಗಿತ್ತು. ಹೊಸದು ಬೇಕೆಂದು ಬರೆದ ಪತ್ರಕ್ಕೆ ಉತ್ತರ ಬಂದಿರಲಿಲ್ಲ. ಹಾಗಾಗಿ ಮೇಡಂ ಹರಿದ ತುದಿಯಿಂದಲೇ ಅಳೆದು, ಬಂದ ಅಳತೆಯಲ್ಲಿ ಮೂರಂಗುಲ ಕಳೆದು ಬರೆದುಕೊಳ್ಳುತ್ತಿದ್ದರು. ಅಳೆಯುವಾಗಲೆಲ್ಲ ತುಟಿಯಂಚಿನಲ್ಲಿ ಒಂದು ಜಪ ಕೇಳುತ್ತಿತ್ತು: ‘ಮೂರು ಕಳೆ, ಮೂರು ಕಳೆ.’

ಉತ್ಸವಕ್ಕೆ ವಾರವಿರುವಾಗ ಅವರು ಬೀದಿಗಿಳಿದು ನೀಲಿ ಗೆರೆ ಎಳೆಯುತ್ತಿದ್ದರು. ಗೆರೆಯಿಂದ ಒಂದು ಕೊಡೆಯ ಅಂಚೂ ಈಚೆ ಬರುವಂತಿಲ್ಲ. ಬಲೂನಿನವನು ಒಮ್ಮೆ ಗೋಗರೆದ, “ಗಾಳಿನೂ ಗೆರೆ ದಾಟಬಾರದಾ ಮೇಡಂ?”

“ಗಾಳಿ ದಾಟಲಿ. ಬಲೂನು ಬೇಡ.”

ನನಗೆ ಅವರ ಪರಿಚಯ ಮಾಡಿಸಿದ್ದು ನನ್ನ ಸೋದರಮಾವನ ಪೇಚಾಟ. ಮಾವ ಸಾಣೆ ಹಿಡಿಯುವವನು. ಕಾಲಲ್ಲಿ ತುಳಿದರೆ ಕಲ್ಲು ತಿರುಗುವ, ಮುಂದಕ್ಕೆ ಎರಡು ಮರದ ಹಿಡಿಕೆ ಚಾಚಿಕೊಂಡ ತಳ್ಳುಗಾಡಿ ಅವನ ಆಸ್ತಿ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದ್ದು ಆ ಗಾಡಿಯೇ. ಕಾನ್ವೆಂಟಿನ ಒಳಗೆ ಸಿಸ್ಟರುಗಳು ನನ್ನ ನಾಲಿಗೆಗೆ ಸಾಣೆ ಹಿಡಿಯುತ್ತಿದ್ದರೆ, ಗೇಟಿನ ಹೊರಗೆ ಮಾವ ಊರಿನ ಚಾಕುಗಳಿಗೆ ಹಿಡಿಯುತ್ತಿದ್ದ. ಅವನ ಕೆಲಸವೇ ಹೆಚ್ಚು ಬಾಳಿಕೆ ಬಂದಿದೆ. ನನಗೀಗ ಐವತ್ತು ಹತ್ತಿರ ಬಂದರೂ ಅವನಿಗೆ ನಾನು ಪುಟ್ಟಿಯೇ.

ಈಗಿನವರು ಚಾಕು ಮೊಂಡಾದರೆ ಎಸೆದು ಹೊಸದು ತರುತ್ತಾರೆ. ಮಾವ ನಾಲ್ಕು ಬೀದಿ ಸುತ್ತಿ ಒಂದು ಅಲಗೂ ಕಾಣದೆ ಮನೆಗೆ ಬರುವ ದಿನಗಳೇ ಹೆಚ್ಚು. ಉತ್ಸವದ ಮೂರು ದಿನ ಮಾತ್ರ ಬೇರೆ. ದರ್ಜಿಗಳು, ಕ್ಷೌರದವರು, ಹೋಟೆಲಿನ ಅಡುಗೆಯವರು, ತೋಟದ ಮಾಲಿಗಳು ವರ್ಷದ ಮೊಂಡುತನವನ್ನೆಲ್ಲ ಹೊತ್ತು ತಂದು ಅವನ ಮುಂದೆ ಸಾಲು ನಿಲ್ಲುತ್ತಿದ್ದರು.

“ಉಳಿದ ದಿನ ನಾನು ಗಾಡಿ ತಳ್ಳೋ ಮುದುಕ ಕಣೇ ಪುಟ್ಟಿ,” ಎನ್ನುತ್ತಿದ್ದ. “ಆ ಮೂರು ದಿನ ಮಾತ್ರ ಕಸುಬುದಾರ.”

ಒಂದು ವರ್ಷ ಮಳಿಗೆ ಹಾಕದಿದ್ದರೆ ವ್ಯಾಪಾರಿಯ ನೋಂದಣಿ ಬಿದ್ದುಹೋಗಿ, ಜಾಗ ಕಾಯುವ ಪಟ್ಟಿಯಲ್ಲಿದ್ದವರ ಪಾಲಾಗುತ್ತದೆ. ಮಾವನ ಬೆನ್ನಿಗೆ ನಲವತ್ತು ಜನ ಕಾಯುತ್ತಿದ್ದರು. ಅಂಥ ಹೊತ್ತಿನಲ್ಲಿ ಹೊಸ ನಿಯಮಾವಳಿ ಬಂತು. ಹದಿನಾಲ್ಕನೇ ನಿಯಮ: ‘ಹರಿತವಾದ ಉಪಕರಣ ಹಿಡಿದು ಉತ್ಸವದ ಬೀದಿಯಲ್ಲಿ ಯಾರೂ ಓಡಾಡತಕ್ಕದ್ದಲ್ಲ.’ ಮಾವನ ಅರ್ಜಿ ಕೆಂಪು ಶಾಯಿಯಲ್ಲಿ ಮಿಂದು ವಾಪಸಾಯಿತು. ಮೂವತ್ತು ವರ್ಷ ನಿಂತ ಮನುಷ್ಯ ಮೂವತ್ತೊಂದನೆಯ ವರ್ಷಕ್ಕೆ ಮನೆಯಲ್ಲಿ ಕೂರಬೇಕಾಗಿತ್ತು. ಆಫೀಸಿನ ಭಾಷೆ ಬಲ್ಲವಳೆಂದು ನನ್ನನ್ನು ಕರೆದುಕೊಂಡು ಎರಡನೇ ಮಹಡಿ ಹತ್ತಿದ. ನನ್ನ ಭಾಷೆಗೆ ಕೆಲಸವೇ ಬೀಳಲಿಲ್ಲ.

“ಮೇಡಂ, ನಾನು ಏನೂ ಮಾರೋನಲ್ಲ,” ಎಂದು ಮಾವ ಶುರುಮಾಡಿದ.

“ಗೊತ್ತು ಯಜಮಾನ್ರೇ. ಆದ್ರೆ ಜನ ನಿಮ್ಮ ಹತ್ರ ಚಾಕು ಹಿಡ್ಕೊಂಡು ಬರ್ತಾರಲ್ಲ.”

“ಮೊಂಡು ಚಾಕು ಮೇಡಂ! ಹರಿತ ಇದ್ರೆ ನನ್ನ ಹತ್ರ ಯಾಕೆ ತರ್ತಾರೆ?”

ಮೇಡಂ ಪೆನ್ನು ಕೆಳಗಿಟ್ಟರು. ಇಂಥ ಪ್ರಶ್ನೆ ಅವರ ಮೇಜಿಗೆ ಬಂದದ್ದು ಅದೇ ಮೊದಲಿರಬೇಕು. “ಸರಿ. ಬರುವಾಗ ಮೊಂಡು. ಹೋಗುವಾಗ?”

ಇಲ್ಲಿ ಒಂದು ಸಣ್ಣ ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕಸುಬಿನ ಹೆಮ್ಮೆ ಬಿಡಬೇಕಲ್ಲ. ಮಾವ ಎದೆಯುಬ್ಬಿಸಿ, “ಹೋಗುವಾಗ ಕೂದಲು ಸೀಳಬಹುದು ಮೇಡಂ,” ಎಂದುಬಿಟ್ಟ.

“ಅಯ್ಯೋ ಮಾವ!” ಎಂದೆ ನಾನು.

ಅಷ್ಟರಲ್ಲಿ ಮಾವನ ಕೈ ತನಗೇ ತಿಳಿಯದಂತೆ ಮೇಜಿನ ಕತ್ತರಿಯತ್ತ ಹೋಯಿತು. ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದವನಂತೆ ಮುಖ ಮಾಡಿದ.

“ಕತ್ತರಿ ಕೆಳಗಿಡಿ ಯಜಮಾನ್ರೇ.”

“ಎರಡೇ ನಿಮಿಷ ಮೇಡಂ, ಗಾಡಿ ಕೆಳಗೇ ನಿಂತಿದೆ.”

“ನಿಮ್ಮ ಅರ್ಜಿ ನನ್ನ ಮುಂದಿದೆ. ಈಗ ಸಾಣೆ ಹಿಡಿದ್ರೆ ಅದು ಲಂಚ.”

“ಲಂಚ ಅಂದ್ರೆ ಕೈ ಬೆಚ್ಚಗೆ ಮಾಡೋದಲ್ವಾ? ನಾನು ಕತ್ತರಿ ಬೆಚ್ಚಗೆ ಮಾಡ್ತೀನಿ ಅಷ್ಟೇ.”

“ಕೆಳಗಿಡಿ.” ಇಟ್ಟ.

ಕೆಂಪು ಶಾಯಿ ಆಗಲೇ ಒಣಗಿತ್ತು. ‘ಹೋಗಿ ಬನ್ನಿ’ ಎಂದಿದ್ದರೆ ಯಾರೂ ಅವರನ್ನು ಕೇಳುವವರಿರಲಿಲ್ಲ. ಆದರೆ ಮೇಡಂ ಬೀದಿಯ ನಕ್ಷೆ ಬಿಚ್ಚಿ ಅದರ ಮೇಲೆ ಬಾಗಿದರು. “ಬರುವಾಗ ಮೊಂಡು, ಹೋಗುವಾಗ ಹರಿತ” ಎಂದು ಮಗ್ಗಿ ಒಪ್ಪಿಸುವಂತೆ ಗೊಣಗುತ್ತ ಬೆರಳನ್ನು ಬೀದಿಯ ಒಂದು ತುದಿಯ ಗಡಿಯಾರದ ಕಡೆಯಿಂದ ಇನ್ನೊಂದು ತುದಿಯ ಅಂಚೆಡಬ್ಬಿಯ ಕಡೆಗೆ ಸರಿಸಿದರು. ಉತ್ಸವದಲ್ಲಿ ಜನ ಗಡಿಯಾರದ ಕಡೆ ಒಳಗೆ ಬಂದು ಅಂಚೆಡಬ್ಬಿಯ ಕಡೆ ಹೊರಗೆ ಹೋಗಬೇಕು, ತಿರುಗಿ ಬರುವ ಹಾಗಿಲ್ಲ.

“ನಿಮ್ಮ ಗಾಡಿ ಹೊರಹೋಗೋ ಬಾಯಲ್ಲೇ ನಿಂತ್ರೆ? ಮೊಂಡು ಚಾಕು ಇಡೀ ಬೀದಿ ದಾಟಿ ಬರಲಿ, ಅದಕ್ಕೆ ನಿಯಮದ ಅಡ್ಡಿ ಇಲ್ಲ. ಹರಿತ ಆದದ್ದು ಒಂದೇ ಹೆಜ್ಜೆಗೆ ಹೊರಗೆ. ಕಾಗದ ಸುತ್ತಿ, ದಾರ ಕಟ್ಟಿ ಕೊಡ್ತೀರಾ?”

“ಮೂವತ್ತು ವರ್ಷದಿಂದ ಹಾಗೇ ಕೊಡೋದು ಮೇಡಂ.”

“ಮತ್ತೆ ಯಾಕೆ ಬರೀಲಿಲ್ಲ?”

“ಫಾರಂನಲ್ಲಿ ಕೇಳಿರ್ಲಿಲ್ಲ.”

ಮೇಡಂ ಟೇಪು ಕೈಗೆತ್ತಿಕೊಂಡು ಎದ್ದರು.

ಅಂಚೆಡಬ್ಬಿಯ ಪಕ್ಕದ ಗೋಡೆಗೆ ಮುಖ ಮಾಡಿಸಿ ಗಾಡಿ ನಿಲ್ಲಿಸಿದೆವು. ಕಿಡಿ ಜನರ ಕಡೆ ಹಾರಬಾರದೆಂಬುದೂ ಒಂದು ನಿಯಮ. ಹಾಗಾಗಿ ಕಲ್ಲು ಗೋಡೆಯ ಕಡೆ, ಹಿಡಿಕೆಗಳು ಬೀದಿಯ ಕಡೆ. ಗಾಡಿಯನ್ನು ಇನ್ನು ಹಿಂದಕ್ಕೆ ತಳ್ಳಲು ಒಂದು ಬೆರಳಿನಷ್ಟೂ ಜಾಗವಿರಲಿಲ್ಲ. ಹಿಡಿಕೆಯ ತುದಿಯಲ್ಲಿ ಮಾವ ಟೇಪಿನ ಹರಿದ ತುದಿ ಒತ್ತಿ ಹಿಡಿದ. ಮೇಡಂ ಎದುರು ಮಳಿಗೆಯ ನೀಲಿ ಗೆರೆಯವರೆಗೆ ನಡೆದು ಬಗ್ಗಿದರು. ಸುಮ್ಮನೆ ಕೂರುವುದು ಮಾವನ ಜಾತಕದಲ್ಲಿಲ್ಲ.

“ಮೇಡಂ, ನಮ್ಮನೆಯವಳ ಜೊತೆ ಮೂವತ್ತೆಂಟು ವರ್ಷ ಆಯ್ತು. ಒಂದು ದಿನವೂ ಹನ್ನೆರಡಡಿ ಅಂತರ ಸಿಕ್ಕಿಲ್ಲ. ಈ ನಿಯಮ ಮನೆಗೂ ಅನ್ವಯ ಆಗುತ್ತಾ?”

ಮೇಡಂ ನಕ್ಕರು. ಮುಗುಳ್ನಗೆಯಲ್ಲ. ಬಗ್ಗಿದ್ದವರು ನೆಲಕ್ಕೆ ಕೈಯೂರಿ, ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಂಥ ನಗು. ಪಕ್ಕದ ಅಂಗಡಿಯವರು ಇಣುಕಿ ನೋಡಿದರು. ನಗುತ್ತಲೇ ಮೇಡಂ ಟೇಪು ಓದಿ, “ಹನ್ನೆರಡಡಿ, ಸರಿಯಾಗಿದೆ,” ಎಂದು ಬರೆದುಕೊಂಡರು. ಸಂಜೆಯೊಳಗೆ ಅರವತ್ತನಾಲ್ಕನೇ ನಂಬರಿನ ಪರವಾನಗಿ ಮಾವನ ಜೇಬಿನಲ್ಲಿತ್ತು. ಎಂದಿನ ‘ಮೂರು ಕಳೆ’ ಕೇಳಿಸಲಿಲ್ಲವಲ್ಲ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಮೇಡಮ್ಮಿಗೇ. ಉತ್ಸವದ ಹಿಂದಿನ ದಿನ ಸಂಜೆ ಅವರು ಮಾವನ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಫೈಲು, ಹೆಗಲ ಚೀಲದಲ್ಲಿ ಟೇಪು. ಅತ್ತೆ ಕುರ್ಚಿ ತಂದಿಟ್ಟರೂ ಕೂರಲಿಲ್ಲ.

“ಯಜಮಾನ್ರೇ, ನನ್ನಿಂದ ತಪ್ಪಾಗಿದೆ. ಅವತ್ತು ಮೂರಂಗುಲ ಕಳೆಯೋದು ಮರೆತೆ. ಅಲ್ಲಿರೋದು ಹನ್ನೊಂದಡಿ ಒಂಬತ್ತಂಗುಲ. ತಪ್ಪು ನಂದು ಅಂತ ಫೈಲಲ್ಲಿ ಬರೆದು ಸಹಿ ಮಾಡಿದೀನಿ. ಬೇರೆ ಜಾಗ ಬೆಳಗ್ಗೆಯಿಂದ ಹುಡುಕಿದೆ, ಸಿಗಲಿಲ್ಲ. ಪರವಾನಗಿ ವಾಪಸ್ ತಗೋಬೇಕು.”

ಅತ್ತೆ ಎಂದಳು, “ಮೂರಂಗುಲ ಯಾರ ಕಣ್ಣಿಗೆ ಬೀಳುತ್ತೆ ಮೇಡಂ?”

“ನನ್ನ ಕಣ್ಣಿಗೆ ಬೀಳುತ್ತಮ್ಮ. ಇವರಿಗೆ ಮೂರಂಗುಲ ಬಿಟ್ರೆ ಉಳಿದ ಅರವತ್ತಮೂರು ಜನ ಏನು ಪಾಪ ಮಾಡಿದ್ರು? ಎಲ್ಲರೂ ಮೂರಂಗುಲ ಮುಂದೆ ಬಂದ್ರೆ ದಾರಿ ಎಲ್ಲಿ?”

ಅವರ ದನಿ ಗಟ್ಟಿಯಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಲೋಕಕ್ಕೆ ಗೊತ್ತಾಗದ ತಪ್ಪನ್ನು ಹೊತ್ತು, ನಾಲ್ಕು ಬೀದಿ ದಾಟಿ, ನಾವು ಬೈದರೆ ಬೈಸಿಕೊಳ್ಳಲು ಬಂದು ನಿಂತಿದ್ದರು. ನನ್ನ ನಾಲಿಗೆಯ ತುದಿಗೆ ಬಂದಿದ್ದ ಚೂಪು ಮಾತು ಅಲ್ಲೇ ಮೊಂಡಾಯಿತು.

ಮಾವ ಅಂಗಳಕ್ಕಿಳಿದ. ಗಾಡಿಯ ಹಿಡಿಕೆಗಳ ಮೇಲೆ ಎರಡೂ ಕೈ ಇಟ್ಟು ನಿಂತ. ಅವು ಅವನ ಅಪ್ಪ ಕೆತ್ತಿದವು. ಎರಡು ತಲೆಮಾರಿನ ಅಂಗೈ ಉಜ್ಜಿ ಕಪ್ಪಗೆ ಮಿರುಗುತ್ತಿದ್ದವು.

“ಮೇಡಂ, ಸೀಮೆಸುಣ್ಣ ತಂದಿದೀರಾ?”

“ಇದೆ. ಯಾಕೆ?”

“ಪರವಾನಗಿ ಮೇಲೆ ಗೆರೆ ಎಳೀಬೇಡಿ. ಇಲ್ಲಿ ಎಳೀರಿ.” ಹಿಡಿಕೆಯ ತುದಿ ತೋರಿಸಿದ.

“ಹಳೇ ಮರ ಯಜಮಾನ್ರೇ...”

“ನಾನೂ ಹಳಬನೇ. ನನ್ನ ಕೈಯೂ ಈಗ ಅಷ್ಟು ದೂರ ಚಾಚಲ್ಲ. ಎಳೀರಿ.”

ಮೇಡಂ ಮೊಣಕಾಲೂರಿ ಅಳೆದರು. ಎರಡು ಹಿಡಿಕೆಗೂ ನೀಲಿ ಗೆರೆ ಬಿತ್ತು. ನಾನು ಗಾಡಿ ಒತ್ತಿ ಹಿಡಿದೆ, ಮಾವ ಗರಗಸ ಎಳೆದ. ಮೂರಂಗುಲದ ಎರಡು ತುಂಡು ಅಂಗಳಕ್ಕೆ ಉದುರಿದವು. ಅತ್ತೆ ಅವನ್ನು ಹೆಕ್ಕಿ ಸೆರಗಿಗೆ ಹಾಕಿಕೊಂಡಳು. ಅವಳಿಗೆ ಒಂದು ಅನುಮಾನ ಉಳಿದಿತ್ತು.

“ಅಲ್ಲ ಮೇಡಂ, ಇಷ್ಟು ಕಟ್ಟುನಿಟ್ಟಿನೋರು ಅವತ್ತು ಹೇಗೆ ಮರೆತ್ರಿ?”

“ನಿಮ್ಮ ಯಜಮಾನ್ರು ನಗಿಸಿಬಿಟ್ರು.”

“ಹೌದಾ? ಏನಂದ್ರು?”

ಮಾವ ಜೋರಾಗಿ ಕೆಮ್ಮಿದ. ಮೇಡಮ್ಮಿಗೆ ಸುಳ್ಳು ಬರದು. ಅಕ್ಷರ ಬಿಡದೆ ಹೇಳಿದರು.

“ಹನ್ನೆರಡಡಿ ಬೇಕಂತಾ?” ಅತ್ತೆ ಸೊಂಟಕ್ಕೆ ಕೈಯಿಟ್ಟಳು. “ಇವತ್ತಿಂದ ಗಾಡಿ ಪಕ್ಕಾನೇ ಮಲ್ಕೊಳ್ಳಿ. ಮೇಡಂ, ಅಡುಗೆಮನೆಯಿಂದ ಅಲ್ಲಿಗೆ ಎಷ್ಟಾಗುತ್ತೆ, ಸ್ವಲ್ಪ ಅಳೆದು ಹೇಳ್ತೀರಾ?”

ಮೇಡಂ ಎರಡನೇ ಸಲ ನಕ್ಕರು. ನಕ್ಕು ಮುಗಿಸಿ, ಎಚ್ಚರಿಕೆಗೆಂಬಂತೆ, “ಮೂರು ಕಳೆ,” ಎಂದು ಗಟ್ಟಿಯಾಗಿ ಹೇಳಿಕೊಂಡರು. ಆಗ ನಾವೆಲ್ಲರೂ ನಕ್ಕೆವು.

ಮರುದಿನ ಅರವತ್ತನಾಲ್ಕನೇ ಮಳಿಗೆಯ ಕಲ್ಲು ತಿರುಗಿತು. ಹೊರಬಾಯಿಯ ಜಾಗವಾದ್ದರಿಂದ ಇಡೀ ಬೀದಿ ಮಾವನ ಮುಂದೆಯೇ ಹಾದುಹೋಗಬೇಕು. ‘ಅರೆ, ಇವರು ಇನ್ನೂ ಇದಾರೆ!’ ಎಂದು ನಿಂತವರೆಷ್ಟೋ. ದರ್ಜಿಯೊಬ್ಬ ಹನ್ನೊಂದು ಕತ್ತರಿ ತಂದಿದ್ದ. ಗೋಡೆಯ ಕಡೆ ಕಿಡಿ ಹಾರುವಾಗ ಮಾವನ ಮುಖದಲ್ಲಿ ಮೂವತ್ತು ವರ್ಷ ಕಮ್ಮಿಯಾದ ಹಾಗಿತ್ತು. ಮೊಟಕಾದ ಹಿಡಿಕೆಯ ಮುಂದೆ ಹನ್ನೆರಡಡಿ ದಾರಿ ಖಾಲಿ ಬಿದ್ದಿತ್ತು. ಮಕ್ಕಳು ಅದರಲ್ಲಿ ಓಡಿದರು, ಮುದುಕರು ಯಾರ ಮೈಗೂ ತಾಗದೆ ನಡೆದರು. ಕೆಂಪು ಗಾಡಿ ಆ ಸಲವೂ ಬರಲಿಲ್ಲ. ನಮಗೆ ಒದಗಿದ ಉಪಕಾರಗಳನ್ನು ನಾವು ಎಣಿಸುತ್ತೇವೆ. ಯಾರದೋ ಎಚ್ಚರದಿಂದ ಒದಗದೇ ಹೋದ ಅಪಾಯಗಳಿಗೆ ಥ್ಯಾಂಕ್ಸ್ ಹೇಳುವ ಅಭ್ಯಾಸ ನಮಗಿಲ್ಲ. ಕಾನ್ವೆಂಟಿನಲ್ಲಿ ಎಲ್ಲದಕ್ಕೂ ಥ್ಯಾಂಕ್ಸ್ ಹೇಳಿಸುತ್ತಿದ್ದರು, ಇದೊಂದನ್ನು ಬಿಟ್ಟು.

ಮೂರನೇ ದಿನ ಬಿಸಿಲು ಇಳಿಯುವ ಹೊತ್ತಿಗೆ ಸಾಲಿನ ಕೊನೆಯಲ್ಲಿ ಮೇಡಂ ಕಂಡರು. ಕೈಯಲ್ಲಿ ಪತ್ರಿಕೆಯ ಕಾಗದ ಸುತ್ತಿದ ಪೊಟ್ಟಣ.

“ಮುಂದೆ ಬನ್ನಿ ಮೇಡಂ!” ಎಂದು ಮಾವ ಕೂಗಿದ.

“ಸರದಿ ಬರಲಿ.”

ಬಂತು. ಪೊಟ್ಟಣದಿಂದ ಆ ಕತ್ತರಿ ಹೊರಬಿತ್ತು.

“ಅರ್ಜಿ ಇತ್ಯರ್ಥ ಆಯ್ತಾ ಮೇಡಂ?”

“ಆಗಿದೆ. ಈಗ ಹಿಡೀರಿ. ಎಲ್ಲರಿಗೆ ತಗೊಳ್ಳೋ ಕೂಲೀನೇ ತಗೋಬೇಕು.”

ಮೂರು ದಿನದಲ್ಲಿ ಮಾವ ಯಾವ ಅಲಗಿಗೂ ಅಷ್ಟು ಹೊತ್ತು ಕೊಟ್ಟಿರಲಿಲ್ಲ. ಕಾಗದ ಸುತ್ತಿ, ದಾರ ಕಟ್ಟಿ ಕೊಟ್ಟ. ಆಮೇಲೆ ಅಂಗಿಯ ಜೇಬಿನಿಂದ ಕಪ್ಪು ಮಿರುಗಿನ ಒಂದು ಮರದ ತುಂಡು ತೆಗೆದ. ಹಿಡಿಕೆಯ ತುದಿ.

“ಮೇಡಂ, ನಿಮ್ಮ ಟೇಪು ಕೊಡಿ. ಕೊರತೆ ಮೂರಂಗುಲ, ಇದೂ ಮೂರಂಗುಲ.”

ಮೇಡಂ ತುಂಡನ್ನು ನೋಡಿದರು, ಮಾವನನ್ನು ನೋಡಿದರು. “ಇದು ಉಡುಗೊರೆ ಆಗುತ್ತೆ ಯಜಮಾನ್ರೇ. ತಗೋಳೋ ಹಾಗಿಲ್ಲ.”

“ನಿಮಗಲ್ಲ. ಆಫೀಸಿನ ಟೇಪಿಗೆ.”

ಮೇಡಂ ಚೀಲದಿಂದ ರಸೀದಿ ಪುಸ್ತಕ ತೆಗೆದು, ಮೊಣಕಾಲ ಮೇಲಿಟ್ಟು ಬರೆದರು: ‘ಮರದ ತುಂಡು, ಒಂದು, ಕಚೇರಿಯ ಬಳಕೆಗೆ, ವಂದನೆಗಳೊಂದಿಗೆ ಸ್ವೀಕರಿಸಲಾಗಿದೆ.’ ರಸೀದಿ ಮಾವನ ಕೈಸೇರಿದ ಮೇಲೆಯೇ ಟೇಪು ಕೊಟ್ಟರು. ಮಾವ ಅಂಚಿಗೆ ಅಂಚು ಕೂಡಿಸಿ, ಕೆಳಗೊಂದು ಬಟ್ಟೆಪಟ್ಟಿ ಅಂಟಿಸಿ, ಎರಡು ಪುಟ್ಟ ಮೊಳೆ ಹೊಡೆದ.

ಮೇಡಂ ಅಲ್ಲೇ ಪರೀಕ್ಷೆಗಿಳಿದರು. ಮಾವ ಮರದ ತುದಿಯನ್ನು ಮೊಟಕು ಹಿಡಿಕೆಗೆ ಒತ್ತಿ ಹಿಡಿದ, ಈ ಸಲ ತುಟಿ ಪಿಟಕ್ಕೆನ್ನದೆ. ಅವರು ನೀಲಿ ಗೆರೆಯವರೆಗೆ ನಡೆದು, ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಓದಿದರು.

“ಹನ್ನೆರಡಡಿ,” ಎಂದರು. ಅಭ್ಯಾಸಬಲದಿಂದ ತುಟಿಗಳು ಇನ್ನೇನೋ ಹೇಳಲು ಅಲುಗಿದವು. ಕಳೆಯಲು ಏನೂ ಇರಲಿಲ್ಲ.