ಆರು ದಿನದ ಎಡೆ, ಒಂದೇ ಭಾನುವಾರ

ನಮ್ಮ ಮನೆಯಲ್ಲಿ ದೇವರು ಉಂಡ ಮೇಲೆಯೇ ಮನುಷ್ಯರಿಗೆ ಊಟ. ಅದೂ ಬಿಸಿಬಿಸಿಯದೇ ಆಗಬೇಕು. ಒಲೆಯಿಂದ ಇಳಿದ ಪಲ್ಯ ತಟ್ಟೆಯಲ್ಲಿ ದೇವರ ಮುಂದೆ ಎಡೆಯಾಗಿ ಕೂತು, ಗಂಟೆ ಬಾರಿಸಿ, ಆಮೇಲೆ ಮಕ್ಕಳ ಡಬ್ಬಿ, ಗಂಡನ ತಟ್ಟೆ. ದೇವರಿಗೆ ಬಸ್ಸು ಹಿಡಿಯುವ ತಾಪತ್ರಯವಿಲ್ಲ. ನನಗಿತ್ತು. ಕೂಡ್ಲಿಗಿಯಿಂದ ಕಾನಹೊಸಹಳ್ಳಿಗೆ ಎಂಟರ ಬಸ್ಸು, ಅಲ್ಲಿಂದ ನನ್ನ ಶಾಲೆಯಿರುವ ಹಳ್ಳಿಗೆ ಒಂದೇ ಒಂದು ಆಟೊ. ಬಸ್ಸು ತಪ್ಪಿದರೆ ಆಟೊ ತಪ್ಪುತ್ತಿತ್ತು, ಆಟೊ ತಪ್ಪಿದರೆ ಶಾಲೆಯ ಪ್ರಾರ್ಥನೆ ತಪ್ಪುತ್ತಿತ್ತು.

ಅತ್ತೆಯವರ ಮೊಣಕಾಲು ಕೈಕೊಟ್ಟ ಮೇಲೆ ಅಡುಗೆಮನೆ ನನ್ನ ಪಾಲಿಗೆ ಬಂದಿತ್ತು. ಅಂದರೆ ಕೆಲಸ ನನ್ನ ಪಾಲಿಗೆ. ಅಧಿಕಾರ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಿತ್ತು.

ಒಂದೇ ತಿಂಗಳಲ್ಲಿ ಮೂರನೇ ಸಲ ತಡವಾಗಿ ಹೋದಾಗ ನಮ್ಮ ಹೆಡ್‌ಮಾಸ್ತರು ಗೇಟಿನಲ್ಲೇ ಕೈಮುಗಿದರು. "ಬರ್ರಿ ಮೇಡಂ, ಬಿಸಿಯೂಟಕ್ಕ ಸರಿಯಾಗಿ ಬಂದ್ರಿ. ಇನ್ನೊಮ್ಮೆ ಹಿಂಗಾದ್ರ ನಾನು ಬ್ಯಾರೆಯವರನ್ನ ನೋಡ್ಕೋಬೇಕಾಕ್ಕತಿ." ನಾನು ಅತಿಥಿ ಶಿಕ್ಷಕಿ. ಅತಿಥಿಯನ್ನು ಮನೆಗೆ ಕಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಇದನ್ನು ಹೇಳಿದರೆ, ಅವರು ಪೇಪರಿನಿಂದ ತಲೆ ಎತ್ತದೆ "ಬಿಟ್ಟುಬಿಡು ಅತ್ಲಾಗ" ಎಂದರು. ಸಿಟ್ಟು ನೆತ್ತಿಗೇರಿತು. ಆ ಕೆಲಸ ಹಿಡಿಯಲು ನಾನು ಎಷ್ಟು ಬಾಗಿಲು ತಟ್ಟಿದ್ದೆನೋ ನನಗೇ ಗೊತ್ತು. ಬಿಡುವ ಮಾತೇ ಇರಲಿಲ್ಲ.

ಆಗಲೇ ಫೋನಿನಲ್ಲಿ ಒಬ್ಬಾಕೆ ಭಾನುವಾರವೇ ವಾರದ ಅಡುಗೆ ಮಾಡಿ ಫ್ರೀಜರಿಗೆ ತುಂಬುವುದನ್ನು ನೋಡಿದೆ. ಆಕೆಯ ಫ್ರೀಜರಿನಲ್ಲಿ ನಮ್ಮ ಇಡೀ ದೇವರಮನೆ ಹಿಡಿಸುತ್ತಿತ್ತು. ನಮ್ಮದರಲ್ಲಿ ಒತ್ತಿದರೆ ಆರು ಡಬ್ಬಿ. ಆರು ಸಾಕು. ಸಂತೆಯಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ಟೊಮೇಟೊ, ಬದನೆಕಾಯಿ ಚೀಲಗಟ್ಟಲೆ ತಂದೆ. ಕಾಳು ಮನೆಯಲ್ಲೇ ಇತ್ತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಣ್ಣೆಗಾಯಿ, ಹೆಸರುಕಾಳು, ಮಡಿಕೆಕಾಳು, ಪುಂಡಿಪಲ್ಯ, ಬೇಳೆ, ಟೊಮೇಟೊ ಗೊಜ್ಜು ಎಲ್ಲವೂ ಕುದಿದಿದ್ದವು. ನಾನೂ ಕುದಿದಿದ್ದೆ.

ಅತ್ತೆ ಕುರ್ಚಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಡ್ಡ ಎಳೆದುಕೊಂಡರು. "ತಂಗಳಾನ ದೇವ್ರಿಗಿ ಇಡ್ತೀಯೇನ್ಲೇ?"

"ಬೆಳಿಗ್ಗೆ ಕಾಸ್ತೀನ್ರಿ ಅತ್ತಿ. ಬಿಸಿನೇ ಆಕ್ಕತಿ."

"ಕಾಸಿದ್ರ ಬಿಸಿ ತಂಗಳ ಆಕ್ಕತಿ."

"ಮತ್ತ ಡಬ್ಬಿಯಾಗಿನ ಕಡಕ್ ರೊಟ್ಟಿ? ತಿಂಗಳಾತಲ್ರಿ ಅವನ್ನ ಬಡಿದು?"

"ರೊಟ್ಟಿಗಿ ತಂಗಳಿಲ್ಲ." ಅದಕ್ಕೆ ಕಾರಣ ಕೇಳುವಷ್ಟು ಧೈರ್ಯ ನನಗಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ಮೇಲಾಗಿ ನಮ್ಮ ಪೂಜಾರಿ ಫ್ರಿಜ್ಜಿಗೇ ಒರಗಿ ಕೂತಿದ್ದರು. ನನಗೆ ಅಳುವೇ ಬಂತು. "ಕೆಲಸ ಹೊಕ್ಕತ್ರಿ ಅತ್ತಿ" ಎಂದೆ.

ಅವರು ಒಲೆಯ ಮೇಲಿನ ಪಾತ್ರೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ಹಂಗಾರ ಒಂದ್ ಕೆಲಸ ಮಾಡು. ಬಿಸಿ ಇದ್ದಾಗ್ಲೇ ಆರೂ ದಿನದ ಎಡಿ ಇವತ್ತೇ ಇಟ್ಟುಬಿಡು" ಎಂದರು.

ದೇವರ ಮುಂದೆ ಆರು ತಟ್ಟೆ ಸಾಲಾಗಿ ಕೂತವು. ಅತ್ತೆ ಒಂದೊಂದನ್ನೇ ತೋರಿಸಿ ಹೇಳಿದರು. "ಇದು ಸ್ವಾಮಾರದ್ದು ನೋಡಪ್ಪ. ಇದು ಮಂಗಳಾರದ್ದು. ನಾಳಿ ಎದ್ದು ಎಲ್ಲೈತಿ ಅಂತ ಕೇಳಬ್ಯಾಡ." ಆರು ಸಲ ಗಂಟೆ ಬಾರಿಸಿದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ "ಏನ್ ಹಬ್ಬಾರೀ?" ಎಂದು ಕೇಳಿದಳು. "ಹಬ್ಬ ಅಲ್ಲವಾ, ಸೊಸಿಗಿ ಬಸ್ಸೈತಿ" ಎಂದರು ಅತ್ತೆ.

ಸೋಮವಾರ ಹೆಡ್‌ಮಾಸ್ತರಿಗಿಂತ ಮೊದಲೇ ಹೋಗಿ ಗೇಟಿನಲ್ಲಿ ನಿಂತೆ. ಅವರು ಬಂದಾಗ "ಬರ್ರಿ ಸರ್" ಎಂದು ಕೈಮುಗಿದೆ. ಅಷ್ಟು ಸಂತೋಷವಾದದ್ದು ನನಗೆ ಸಂಬಳ ಬಂದ ದಿನವೂ ಇಲ್ಲ.

ಬುಧವಾರ ಮಾತ್ರ ಅನಾಹುತವಾಯಿತು. ಡಬ್ಬಿಯ ಮೇಲೆ ವಾರದ ಹೆಸರು ದೊಡ್ಡದಾಗಿ ಬರೆದಿದ್ದರೂ, ಗಂಡ ಎಣ್ಣೆಗಾಯಿಯ ಆಸೆಗೆ ಶನಿವಾರದ ಡಬ್ಬಿ ಕಾಸಿಕೊಂಡು ಉಂಡುಬಿಟ್ಟಿದ್ದರು. ಅತ್ತೆ ಬಿಡಲಿಲ್ಲ. ಮೀಸೆ ಹೊತ್ತ ಮಗನನ್ನು ದೇವರಮನೆಗೆ ಕರೆದು ನಿಲ್ಲಿಸಿದರು. "ಹೇಳು. ಅಂವಗ ಲೆಕ್ಕ ತಪ್ಪಬಾರ್ದು." ಗಂಡ ಕಿವಿ ಹಿಡಿದುಕೊಂಡು, "ತಪ್ಪಾತಪ್ಪ. ಶನಿವಾರದ್ದು ಇವತ್ತ ಉಂಡೀನಿ. ಇವತ್ತಿಂದು ಶನಿವಾರ ಉಣ್ತೀನಿ" ಎಂದು ಒಪ್ಪಿಸಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ. ಆದರೆ ಒಳಗೆ ಹೆದರಿಕೆಯೂ ಇತ್ತು. ಇದನ್ನೇ ನೆಪ ಮಾಡಿ ಅತ್ತೆ ಮುಂದಿನ ಭಾನುವಾರಕ್ಕೆ ಬೇಡ ಅಂದರೆ, ಹೆಡ್‌ಮಾಸ್ತರರ ಮುಂದೆ ಮತ್ತೆ ನಾನೇ ತಲೆ ತಗ್ಗಿಸಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಬಸ್ಸಿಗಿನ್ನೂ ಅರ್ಧ ಗಂಟೆಯಿತ್ತು. ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. "ಈ ವಾರದಾಗ ಮನಿಯಾಗ ಏನಾರ ಕೆಡಕಾತೇನ್ಲೇ?"

"ಇಲ್ರಿ ಅತ್ತಿ."

"ಯಾರಿಗರ ಜ್ವರ, ನೆಗಡಿ?"

"ಇಲ್ರಿ."

"ಅಂದ್ರ ಸಿಟ್ಟಾಗಿಲ್ಲ ಅಂವ." ಕುರ್ಚಿಯನ್ನು ಮೆಲ್ಲಗೆ ದೇವರಮನೆಯ ಕಡೆ ತಿರುಗಿಸಿಕೊಂಡರು. "ನಲವತ್ತು ವರ್ಷ ನಾಕಕ್ಕೆದ್ದು ನಿಂತು ಬಿಸೀದ ಮಾಡಿಟ್ಟೀನಿ. ಮೈಯಾಗ ಜ್ವರ ಇದ್ದಾಗ್ಲೂ ಇಟ್ಟೀನಿ. ಮುಂಚೇನ ಇಟ್ರೂ ನಡೀತೈತಿ ಅಂತ ಒಂದಿನಾನೂ ಹೇಳ್ಲಿಲ್ಲ ನೋಡು ಅಂವ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡು ಕೂತಿದ್ದರು. ಈ ಮನೆಗೆ ಬಂದು ಹನ್ನೆರಡು ವರ್ಷವಾದರೂ ಆ ನಾಲ್ಕು ಗಂಟೆಯ ಬಗ್ಗೆ ನಾನೂ ಒಮ್ಮೆ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

"ಬರಾ ಐತಾರ ಏನ್ ಮಾಡಾಣ್ರಿ ಅತ್ತಿ?" ಎಂದು ಮುಂದಿನ ಭಾನುವಾರದ ಬಗ್ಗೆ ಮೆಲ್ಲಗೆ ಕೇಳಿದೆ.

ಅವರು ದೇವರ ಮೇಲಿನ ಕಣ್ಣು ತೆಗೆಯಲಿಲ್ಲ. "ಹದಿನೈದು ದಿನದ್ದು ಒಮ್ಮಿಗೇ ಇಡು" ಎಂದರು. "ಉಣ್ಲಿ."