ಶೀನಾಚಾರ್ರ ಸಿಂಹದ ಕುರ್ಚಿಗಳು

ಯಾರ ಮನೆಗೆ ಹೋದರೂ ಶೀನಾಚಾರ್ರು ತಮಗೆ ಕೊಟ್ಟ ಕುರ್ಚಿಯನ್ನು ಮೊದಲು ಮಗುಚಿ ಹಾಕಿ ಅದರ ಕಾಲು ನೋಡುತ್ತಿದ್ದರು. ಮನೆಯವರು ಮುಜುಗರದಿಂದ ನಿಂತಿರುತ್ತಿದ್ದರು. ಆಮೇಲೆ ಕುರ್ಚಿಯನ್ನು ನೆಟ್ಟಗಿಟ್ಟು, "ಇದ್ ಕುರ್ಚಿ ಅಲ್ಲ, ನಾಲ್ಕ್ ಗೂಟ" ಎಂದು ಹೇಳಿ ಅದರ ಮೇಲೆಯೇ ಕೂತು ಚಹಾ ಕುಡಿಯುತ್ತಿದ್ದರು.

ಗುಲ್ವಾಡಿಯಲ್ಲಿ ಅವರ ಮನೆ ನಮ್ಮ ಮನೆಯಿಂದ ಮೂರನೆಯದು. ಪ್ರಾಯದಲ್ಲಿ ಅವರು ಮುಂಬಯಿಯ ಒಂದು ಪೀಠೋಪಕರಣದ ಕಾರ್ಖಾನೆಯಲ್ಲಿ ಕೆತ್ತನೆ ಕೆಲಸ ಮಾಡಿದವರು. ಯಾರದೋ ಬಂಗಲೆಗೆ ಹಳೆಯ ಈಜಿಪ್ಟಿನ ಮಾದರಿಯ ಸಾಮಾನು ಮಾಡಬೇಕಾಗಿ ಬಂದಾಗ, ಅಲ್ಲಿ ನಕ್ಷೆ ಬರೆಯುತ್ತಿದ್ದ ಮುದುಕರೊಬ್ಬರು ಚಿತ್ರಗಳ ಪುಸ್ತಕವೊಂದನ್ನು ಬಿಡಿಸಿ ಒಂದೊಂದರ ಅರ್ಥವನ್ನೂ ಹೇಳಿಕೊಟ್ಟಿದ್ದರಂತೆ. ಊರಿಗೆ ಮರಳುವಾಗ ಆ ಪುಸ್ತಕವನ್ನೇ ಕೊಟ್ಟರಂತೆ. ಆಚಾರ್ರಿಗೆ ಇಂಗ್ಲಿಷ್ ಬಾರದು. ಆದರೂ ಪುಸ್ತಕವೆಲ್ಲ ಬಾಯಿಗೆ ಬರುತ್ತಿತ್ತು. ರಾಜರ ಚಿನ್ನದ ಮುಖವಾಡದ ಪುಟಗಳನ್ನು ಸರಸರನೆ ಮಗುಚಿಬಿಡುವರು. ಅವರಿಗೆ ಬೇಕಾದದ್ದು ಬಾಚಣಿಗೆ, ಕಾಡಿಗೆ ಡಬ್ಬಿ, ಕನ್ನಡಿ, ಮಂಚ.

"ಕಾಣ್ ಮಗಾ, ಕನ್ನಡಿಗೂ ಜೀವಕ್ಕೂ ಅವ್ರಲ್ಲಿ ಒಂದೇ ಶಬ್ದ ಅಂಬ್ರ್. ಮುಖ ಕಾಂಬುದ್ ಅಂದ್ರೆ ಸಣ್ಣ ಕೆಲ್ಸ ಅಲ್ಲ," ಎನ್ನುವರು. ಗಂಧ ತೆಗೆಯುವ ಚಮಚದ ಹಿಡಿಯಲ್ಲಿ ತಾವರೆ ಏಕೆ ಎಂದು ನಾನು ಕೇಳಿದರೆ, "ತಾವ್ರೆ ಸಂಜಿಗ್ ಮುಚ್ಚತ್ತ್, ಬೆಳಿಗ್ಗೆ ಮತ್ತ್ ಬಿಡತ್ತ್. ಸತ್ತವ್ರೂ ಹಾಂಗೇ ಏಳ್ತ್ರ್ ಅಂದೇಳಿ ನಂಬಿಕೆ. ದಿನಾ ಕೈಯಗೆ ಹಿಡೂ ವಸ್ತುವಿಗೇ ಅದನ್ ಕೆತ್ತಿರ್."

ಅವರ ಜೀವ ಇದ್ದದ್ದು ಮಾತ್ರ ಸಿಂಹದ ಕಾಲಿನ ಕುರ್ಚಿಯಲ್ಲಿ. ಮುಂದೆ ಮುಂಗಾಲು, ಹಿಂದೆ ಹಿಂಗಾಲು, ನಾಲ್ಕೂ ಪಂಜ ಒಂದೇ ದಿಕ್ಕಿಗೆ. "ಕೂಕಂಡವ್ನನ್ನ ಸಿಂಹ ಹೊತ್ಕಂಡ್ ಹೋಯ್ಕ್. ನಾಲ್ಕ್ ಕಾಲೂ ನಾಲ್ಕ್ ಬದಿಗ್ ಹೋದ್ರೆ ಕೂಕಂಡವ ಎಲ್ಲಿಗ್ ಹೋಪುದ್?"

ನಾನು ಕುಂದಾಪುರದಲ್ಲಿ ಒಳಾಂಗಣ ವಿನ್ಯಾಸದ ಕಚೇರಿ ತೆರೆದ ಹೊಸತು. ನಾವುಂದದ ಕಡಲ ಬದಿಯಲ್ಲಿ ಹೋಟೆಲು ಕಟ್ಟಿಸುತ್ತಿದ್ದ ಧಣಿಯೊಬ್ಬರು ಊಟದ ಹಾಲಿಗೆ ಈಜಿಪ್ಟಿನ ಅಲಂಕಾರ ಬೇಕೆಂದರು. ನಾನು ನೇರ ಆಚಾರ್ರ ಮನೆಗೆ ಹೋದೆ. ಅವರು ಎಂಟು ತಿಂಗಳು ಕೂತು ಹಲಸಿನ ಮರದಲ್ಲಿ ಹನ್ನೆರಡು ಕುರ್ಚಿ ಕೆತ್ತಿದರು. ಹಿಂಗಾಲಿನ ಮಂಡಿ ಸರಿಬರಲಿಲ್ಲವೆಂದು ಎರಡನ್ನು ಒಡೆದು ಮತ್ತೆ ಮಾಡಿದರು.

ಧಣಿ ಕುರ್ಚಿಗಳ ಸುತ್ತ ಒಂದು ಸುತ್ತು ಬಂದರು. "ಚಂದ ಇತ್ತ್. ಆದ್ರೆ ಫೋಟೋದಗೆ ಮಿಂಚುದಿಲ್ಲೆ. ಇದನ್ನೇ ಫೈಬರಲ್ಲಿ ಮಾಡ್ಸಿ, ಬಂಗಾರದ ಬಣ್ಣ ಹೊಡ್ಸಿ. ಎಂಬತ್ತ್ ಬೇಕ್."

ಅದು ನನಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ. ಆಚಾರ್ರನ್ನು ಕೇಳದೆ ಒಂದು ಕುರ್ಚಿಯನ್ನು ಬ್ರಹ್ಮಾವರದಲ್ಲಿ ಫೈಬರ್ ಅಚ್ಚು ಹಾಕುವವನ ಬಳಿಗೆ ಕಳಿಸಿದೆ. ಅವನು ಒಂದು ಮುಂಗಾಲಿನ ಅಚ್ಚು ತೆಗೆದು ನಾಲ್ಕಕ್ಕೂ ಅದನ್ನೇ ಬಳಸಿದ. ಗಟ್ಟಿ ನಿಲ್ಲಲೆಂದು ಪಂಜಗಳನ್ನು ನಾಲ್ಕು ಮೂಲೆಗೆ ತಿರುಗಿಸಿದ. ನಾನು ನೋಡಿದೆ. ಹಾಗೇ ಎಂಬತ್ತು ಮಾಡಲು ಹೇಳಿದೆ.

ಹೋಟೆಲು ಉದ್ಘಾಟನೆಯ ದಿನ ಆಚಾರ್ರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಹೆಂಡತಿ ಗಿರಿಜಕ್ಕನ ಜೊತೆ ಬಂದರು. ಹೊಳೆಯುವ ಕುರ್ಚಿಯೊಂದನ್ನು ಎತ್ತಿ, ಅದರ ಹಗುರಕ್ಕೆ ಒಂದು ಗಳಿಗೆ ತಬ್ಬಿಬ್ಬಾದರು. ಮಗುಚಿ ನೋಡಿದರು. ಗಿರಿಜಕ್ಕ ತೋಳು ಹಿಡಿದು ಕೂರಿಸಿದರು. ವೇದಿಕೆಯಲ್ಲಿ ಧಣಿ ನನ್ನನ್ನು ತೋರಿಸಿ, ಈ ಕುರ್ಚಿಗಳೆಲ್ಲ ಇವರ ಕಲ್ಪನೆ ಎಂದು ಹೇಳಿ ನನಗೆ ಶಾಲು ಹೊದೆಸಿ, ಮೈಕು ನನ್ನ ಕೈಗೆ ಕೊಟ್ಟರು. ಆಚಾರ್ರು ಕೊನೆಯ ಸಾಲಿನಲ್ಲಿದ್ದರು, ನನ್ನನ್ನೇ ನೋಡುತ್ತಿದ್ದರು. ನಾನು ಧಣಿಗೆ ಧನ್ಯವಾದ ಹೇಳಿ ಕೆಳಗಿಳಿದೆ.

ಕೈ ತೊಳೆಯುವಲ್ಲಿ ಆಚಾರ್ರು ಸಿಕ್ಕಿದರು. "ನಂದ್ ಹನ್ನೆರಡ್ ಎಲ್ಲಿತ್ತ್?"

"ಒಳ್ಗ್ ಜೋಪಾನ ಇಟ್ಟಿರ್, ಆಚಾರ್ರೇ."

"ನಾ ಕಂಡ್ಕಂಡೇ ಬಂದದ್ದ್. ಹಿಂದಿನ ಶೆಡ್ಡಗೆ ಅದ್ರ್ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟಿರ್." ಅವರ ದನಿ ಏರಲಿಲ್ಲ. "ಹೆಸ್ರ್ ಹೇಳ್ದಿದ್ರೆ ಹೋಯ್ಲಿ. ಕಾಲ್ ತಿರ್ಗ್ಸುಕೆ ಬಿಟ್ಯಲ್ಲ. ಅವ್ರಿಗ್ ಗೊತ್ತಿಲ್ಲೆ. ನಿಂಗ್ ಗೊತ್ತಿತ್ತ್."

ಗಂಡ ಹೆಂಡತಿ ಊಟ ಮಾಡದೆ ಬಸ್ಸು ಹತ್ತಿದರು.

ಆಮೇಲೆ ಅವರು ಉಳಿ ಹಿಡಿಯಲಿಲ್ಲ. ಹೊಸ ಮನೆಗಳಲ್ಲಿ ಪ್ಲೈವುಡ್ ಕಪಾಟುಗಳಿಗೆ ಸನ್‌ಮೈಕ ಅಂಟಿಸುವ ಕೆಲಸಕ್ಕೆ ಹೋಗತೊಡಗಿದರು. ಕೊನೆಯ ಸಲ ನಾನು ಅವರನ್ನು ನೋಡಿದ್ದು ಕೊಕ್ಕರ್ಣೆಯ ಅಂಥದ್ದೊಂದು ಮನೆಯಲ್ಲಿ. ಮೊಣಕಾಲೂರಿ ಗೋಂದು ಬಳಿಯುತ್ತಿದ್ದರು. ಬೇರೊಂದು ಕಡೆ ಕೆತ್ತನೆಯ ಕೆಲಸವಿದೆ, ಈ ಸಲ ನಿಮ್ಮ ಹೆಸರಲ್ಲೇ ಎಂದೆ.

"ಬ್ಯಾಡ," ಎಂದರು. "ಇದ್ರಗೆ ಅರ್ಥ ಎಂತದೂ ಇಲ್ಲೆ. ಯಾರಿಗೂ ಹಾಳ್ ಮಾಡುಕ್ ಆತ್ತಿಲ್ಲೆ."

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಹದಿನೈದು ದಿನ ಕಳೆದ ಮೇಲೆ, ಗಿರಾಕಿಯೊಬ್ಬರ ಬಾಯಿಂದ. ಊರ ಮನೆಯಲ್ಲಿದ್ದ ಅಮ್ಮನಿಗೆ ಗೊತ್ತಿತ್ತು, ಕುಂದಾಪುರದಲ್ಲಿದ್ದ ನನಗೆ ಹೇಳಿರಲಿಲ್ಲ. ಮರುದಿನ ಗುಲ್ವಾಡಿಗೆ ಹೋದೆ. ಗಿರಿಜಕ್ಕ ಬಾಗಿಲಿಗೆ ಬಂದು ಅಲ್ಲೇ ನಿಂತರು.

"ನೀ ಬಂದ್ರೆ ಒಳ್ಗ್ ಕರೀಬೇಡ ಅಂದೇಳಿ ಅವ್ರೇ ಹೇಳಿರ್, ಮಗಾ. ನಾ ಎಂತ ಮಾಡುದ್?"

ಜಗಲಿಗೇ ನೀರು ತಂದುಕೊಟ್ಟರು. ನಿಂತೇ ಕುಡಿದು, ಲೋಟವನ್ನು ಮೆಟ್ಟಿಲ ಮೇಲಿಟ್ಟು ಬಂದೆ.